ನಾಲ್ಕು ಸಾಲು ಬಿಡುವ ಸೈದಾಬಿ

ಬೆಳಗಿನ ಆರು ಗಂಟೆಗೆ ಇನ್ನೂ ಐದಾರು ನಿಮಿಷ ಇದೆ. ನೇಸರಗಿ ಕಡೆಯಿಂದ ಬರುವ ಮೊದಲ ಬಸ್ಸಿನ ದೀಪ ತಿರುವಿನಲ್ಲಿ ಒಮ್ಮೆ ಹೊಳೆದು ಮರೆಯಾಗುತ್ತದೆ. ಲಗಮಪ್ಪನವರ ಎರೆ ಹೊಲದ ಬದುವಿನ ಮೇಲೆ ಸೈದಾಬಿ ಬೆನ್ನಿನ ಮೇಲಿನ ಔಷಧಿ ಪಂಪು ಇಳಿಸುತ್ತಾರೆ, ಚಪ್ಪಲಿ ಕಳಚಿ ಅದರ ಪಕ್ಕ ಇಡುತ್ತಾರೆ, ಸೀರೆ ಎತ್ತಿ ಕಟ್ಟಿ ಗಂಡನ ಹಳೆಯ ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಆಮೇಲೆ ಬರಿಗೈಯಲ್ಲಿ ಸೋಯಾಬೀನಿನ ಸಾಲಿಗೆ ಇಳಿಯುತ್ತಾರೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅಂಗಿಯ ಮುಂಭಾಗ ಇಬ್ಬನಿಗೆ ತೊಯ್ದು ಮೈಗೆ ಅಂಟಿಕೊಳ್ಳುತ್ತದೆ.

ಮೇಲಿನ ಎಲೆಗಳನ್ನು ಅವರು ನೋಡುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಹೊಲ ಹಸಿರಾಗಿಯೇ ಕಾಣುತ್ತದೆ. ಸೈದಾಬಿ ಬಗ್ಗಿ, ಬುಡದಿಂದ ಮೂರನೆಯ ಟೊಂಗೆ ಹಿಡಿದು, ಒಂದು ಎಲೆ ಕಿತ್ತು, ಅದರ ಬೆನ್ನನ್ನು ಮೂಡಣದ ಬೆಳಕಿಗೆ ತಿರುಗಿಸುತ್ತಾರೆ. ಉಂಗುರದ ಬೆರಳಿನಿಂದ ಮೆಲ್ಲಗೆ ಒರೆಸಿ ಬೆರಳನ್ನು ನೋಡಿಕೊಳ್ಳುತ್ತಾರೆ. ಉಳಿದ ಬೆರಳುಗಳ ತೊಗಲು ದಪ್ಪವಾಗಿದೆ, ಅವಕ್ಕೆ ಏನೂ ತಿಳಿಯುವುದಿಲ್ಲವಂತೆ. ಬೆರಳಿಗೆ ಕಂದು ಪುಡಿ ಹತ್ತಿದರೆ ರೋಗ ಇದೆ ಎಂದು ಅರ್ಥ. ಪುಸ್ತಕದವರು ಅದಕ್ಕೆ ತುಕ್ಕು ರೋಗ ಎನ್ನುತ್ತಾರೆ, ಈ ಕಡೆಯವರು ತಾಂಬೇರಾ ಎನ್ನುತ್ತಾರೆ. ಬೂಷ್ಟಿನ ಜಾತಿಯ ರೋಗ ಅದು. ಗಾಳಿಯಲ್ಲಿ ಬರುತ್ತದೆ, ಎಲೆಯ ಬೆನ್ನಿಗೆ ಕೂರುತ್ತದೆ, ಎರಡು ವಾರದಲ್ಲಿ ಎಲೆ ಹಳದಿಯಾಗಿ ಉದುರಿ ಕಾಯೊಳಗಿನ ಕಾಳು ಸೊರಗಿ ಹೋಗುತ್ತದೆ.

ಹೊಲದ ನಡುವೆ ಒಂದು ಕಡೆ ನಾಲ್ಕು ಸಾಲಿನ ಎರಡೂ ತುದಿಗೆ ತೊಗರಿ ಕಟ್ಟಿಗೆ ನೆಟ್ಟು ಕೆಂಪು ಅರಿವೆ ಕಟ್ಟಿದೆ. ಐದು ಎಕರೆ ಹೊಲದಲ್ಲಿ ಈ ನಾಲ್ಕು ಸಾಲಿಗೆ ಮಾತ್ರ ಔಷಧಿ ಹೊಡೆದಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಎರಡನೆಯ ಸಲ ಔಷಧಿ ಹೊಡೆದು ಇವತ್ತಿಗೆ ಹದಿನೈದು ದಿನ. ಬಿಟ್ಟ ಸಾಲಿಗೂ ಹೊಡೆದ ಸಾಲಿಗೂ ಏನು ಅಂತರ ಇದೆ ಎಂದು ನೋಡಲು ಲಗಮಪ್ಪನವರು ಏಳು ಗಂಟೆಗೆ ಬರುತ್ತೇನೆ ಎಂದಿದ್ದಾರೆ. ಅಂತರ ಕಾಣದಿದ್ದರೆ ಮುಂದಿನ ವರ್ಷ ಡ್ರೋನಿನಿಂದ ಔಷಧಿ ಹೊಡೆಯುವವರನ್ನು ಕರೆಯುವುದು ಎಂದು ಆಗಲೇ ಹೇಳಿಯಾಗಿದೆ. ಊರಲ್ಲಿ ಉಳಿದವರು ಲಗಮಪ್ಪನವರ ಮಾತಿಗೆ ಕಾದಿದ್ದಾರೆ.

ಸೈದಾಬಿಗೆ ನಲವತ್ತೇಳು ವರ್ಷ. ಕೂಲಿಗೆ ಬೇರೆಯವರ ಹೊಲಗಳಿಗೆ ಔಷಧಿ ಹೊಡೆಯುವುದು ಅವರ ಕೆಲಸ. ಔಷಧಿಗೆ ಎಣ್ಣಿ ಎನ್ನುವ ಇಲ್ಲಿಯ ಮಾತಿನಲ್ಲಿ ಹೇಳುವುದಾದರೆ ಅವರು ಎಣ್ಣಿ ಹೊಡಿಯಾಕಿ. ಗಂಡಸರದೇ ಎನ್ನುವ ಈ ಕೆಲಸಕ್ಕೆ ಅವರು ಬಂದದ್ದು ಗಂಡನ ಹಿಂದೆ. ಮೀರಾಸಾಬ ಪಂಪು ಹೊರುತ್ತಿದ್ದರು, ಸೈದಾಬಿ ಅವರಿಗೆ ನೀರು ಹೊರುತ್ತಿದ್ದರು. ಒಂಬತ್ತು ವರ್ಷ ಹಾಗೆಯೇ ನಡೆಯಿತು. ಮೀರಾಸಾಬರಿಗೆ ಉಸಿರಿನ ತ್ರಾಸು ಶುರುವಾಗಿ, ಔಷಧಿಯ ವಾಸನೆಗೂ ಹೋಗಬೇಡ ಎಂದು ಬೈಲಹೊಂಗಲದ ಡಾಕ್ಟರು ಹೇಳಿದ ಮೇಲೆ ಪಂಪು ನಾಲ್ಕು ದಿನ ಗೋಡೆಗೆ ಒರಗಿತ್ತು. ಐದನೆಯ ದಿನ ಲಗಮಪ್ಪನವರ ಹೊಲಕ್ಕೆ ಹೊಡೆಯುವವರೇ ಸಿಗಲಿಲ್ಲ. ಅವರೇ ಮನೆಯ ಬಾಗಿಲಿಗೆ ಬಂದು ನಿಂತಾಗ ಸೈದಾಬಿ ಪಂಪು ಎತ್ತಿಕೊಂಡರು.

ಆ ವರ್ಷ ಲಗಮಪ್ಪನವರ ಹೊಲ ಚೆನ್ನಾಗಿ ಬಂತು. ಸೈದಾಬಿಯ ಕೈಗುಣ ಛಲೋ ಇದೆ ಎಂದು ಅವರೇ ಚಹಾದ ಅಂಗಡಿಯಲ್ಲಿ ಹೇಳಿದರು. ಬೀಜ ಕೂರಿಗೆಗೆ ಹಾಕುವವರಿಗೆ, ಹಾಲಿಗೆ ಹೆಪ್ಪು ಹಾಕುವವರಿಗೆ, ಮಕ್ಕಳ ಕಿವಿ ಚುಚ್ಚುವವರಿಗೆ ಕೈಗುಣ ನೋಡುವ ಜನ ಔಷಧಿ ಹೊಡೆಯುವವರಿಗೂ ಅದನ್ನು ನೋಡುತ್ತಾರೆ. ಒಂದು ಮಾತು ಹತ್ತು ಮನೆ ತಿರುಗಿತು. ಮೂರು ವರ್ಷದಲ್ಲಿ ಸೈದಾಬಿಯನ್ನು ಕರೆಯುವ ಮನೆಗಳು ಇಪ್ಪತ್ತಾರಾದವು.

ಆಗಸ್ಟಿನಿಂದ ಸೆಪ್ಟೆಂಬರಿನ ಕೊನೆಯವರೆಗೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ, ಅವರ ಕೆಲಸ ಹೀಗೆ. ಆರಕ್ಕೆ ಹೊಲ ನೋಡುವುದು. ಇಬ್ಬನಿ ಆರುವ ತನಕ, ಎಂಟೂವರೆ ಒಂಬತ್ತರವರೆಗೆ, ಕಾಯುವುದು. ಒಂಬತ್ತರಿಂದ ಹನ್ನೆರಡು, ಮತ್ತೆ ಮೂರೂವರೆಯಿಂದ ಬೆಳಕಿರುವ ತನಕ ಹೊಡೆಯುವುದು. ಎಕರೆಗೆ ಹತ್ತು ಪಂಪು, ದಿನಕ್ಕೆ ಇಪ್ಪತ್ತೈದು. ಒಂದು ಪಂಪಿಗೆ ಇಪ್ಪತ್ತು ಲೀಟರ್ ನೀರು. ರೋಗ ಇರುವುದು ಎಲೆಯ ಕೆಳಗೆ, ಆದ್ದರಿಂದ ನಳಿಗೆಯ ಮೂತಿಯನ್ನು ಮೇಲ್ಮುಖ ಮಾಡಿ, ಸಾಲಿನೊಳಗೆ ಕೈ ತಗ್ಗಿಸಿ, ಬಗ್ಗಿಯೇ ನಡೆಯಬೇಕು. ಎಲೆಯ ಮೇಲ್ಭಾಗಕ್ಕಷ್ಟೇ ಹೊಡೆದುಕೊಂಡು ಹೋದರೆ ಒಂದು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಸೈದಾಬಿ ಹಾಗೆ ಮಾಡಿದ್ದನ್ನು ಯಾರೂ ನೋಡಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಸೆರಗಿನ ಚುಂಗು ಬಿಟ್ಟು ನೋಡುತ್ತಾರೆ, ಅದಕ್ಕೆ ಅಡ್ಡಲಾಗಿ ನಡೆಯುತ್ತಾರೆ. ಮುಖಕ್ಕೆ ಓಢಣಿ ಎರಡು ಸುತ್ತು. ಮನೆಗೆ ಹೋದ ಮೇಲೆ ಹಿತ್ತಲಲ್ಲಿ ಮಿಂದು, ಬಟ್ಟೆ ಬೇರೆ ಬಕೆಟ್ಟಿಗೆ ಹಾಕಿ, ಆಮೇಲೆಯೇ ಒಲೆಯ ಮುಂದೆ ಕೂರುವುದು.

ನೀರು ಹೊರುವವರು ಬಾಯವ್ವ. ಸೈದಾಬಿಗಿಂತ ಎರಡು ವರ್ಷ ಹಿರಿಯರು, ಪಕ್ಕದ ಓಣಿಯವರು, ಬಾಯಿ ಸುಮ್ಮನಿರುವುದಿಲ್ಲ. ದಿನಕ್ಕೆ ಐವತ್ತು ಕೊಡ ಹಳ್ಳದಿಂದಲೋ ಬಾವಿಯಿಂದಲೋ ತಂದು ಪಂಪಿಗೆ ಸುರಿಯುತ್ತಾರೆ. ಸೈದಾಬಿಗೆ ಕೈಗುಣ ಇದ್ದರೆ ತನಗೆ ಕಾಲ್ಗುಣವಾದರೂ ಇರಬೇಕಲ್ಲ, ಅದನ್ನು ಯಾರೂ ಆಡುವುದಿಲ್ಲ ಯಾಕೆ ಎಂದು ಅವರು ಎಷ್ಟೋ ಸಲ ಕೇಳಿದ್ದಾರೆ. ಮುಂದೆ ಬರುವ ಸಂಗತಿಯನ್ನು ಎಲ್ಲರಿಗಿಂತ ಮೊದಲು ಗಮನಿಸಿದವರೂ ಅವರೇ, ಆದರೆ ಅದು ಆಗ ಯಾರಿಗೂ ತಿಳಿಯಲಿಲ್ಲ.

ಐದು ವರ್ಷದ ಹಿಂದೆ ಸೈದಾಬಿಯ ಬಲ ರಟ್ಟೆ ನೋಯತೊಡಗಿತು. ಹಳೆಯ ಪಂಪಿಗೆ ಒಂದು ಕೈಯಿಂದ ಹಿಡಿಕೆ ಜಗ್ಗುತ್ತಲೇ ಇರಬೇಕಿತ್ತು. ಅದನ್ನು ಬಿಟ್ಟು ಬ್ಯಾಟರಿಯ ಪಂಪು ತಂದರು. ಗುಂಡಿ ಒತ್ತಿದರೆ ಸಾಕು. ಪಂಪು ಹೊಸದಾದರೂ ಅಳತೆ ಹಳೆಯದೇ ಉಳಿಯಿತು. ಮೀರಾಸಾಬರ ಕಾಲದಿಂದ ಪಂಪಿನ ಪಟ್ಟಿಗೆ ಒಂದು ನೀಲಿ ಮುಚ್ಚಳ ಕಟ್ಟಿತ್ತು, ಯಾವುದೋ ಹಳೆಯ ಬಾಟಲಿಯದು. ಒಂದು ಪಂಪಿಗೆ ಒಂದು ಮುಚ್ಚಳ ಔಷಧಿ. ಯಾವ ಕಂಪನಿಯ ಬಾಟಲಿ ಬಂದರೂ ಆ ಬಾಟಲಿಯ ಮುಚ್ಚಳ ನಂಬುವುದಿಲ್ಲ, ಅದು ಒಂದೊಂದು ಒಂದೊಂದು ಗಾತ್ರ ಇರುತ್ತದೆ, ನಮ್ಮ ಮುಚ್ಚಳ ನಮಗೆ ಎಂದು ಗಂಡ ಕಲಿಸಿದ್ದರು. ಅದು ಶಿಸ್ತಿನ ಮಾತೇ ಆಗಿತ್ತು. ಸೈದಾಬಿ ಆ ಮುಚ್ಚಳವನ್ನು ಹಳೆಯ ಪಟ್ಟಿಯಿಂದ ಬಿಚ್ಚಿ ಹೊಸ ಪಟ್ಟಿಗೆ ಕಟ್ಟಿದರು.

ಎರಡು ವರ್ಷದ ಹಿಂದೆ, ಇದೇ ಲಗಮಪ್ಪನವರ ಹೊಲದಲ್ಲಿ, ಹೂವು ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ತಾಂಬೇರಾ ಕಂಡಿತು. ಸೈದಾಬಿ ಎರಡು ಸಲ ಹೊಡೆದರು. ಮೊದಲ ಸಲ ಹೊಡೆಯುವಾಗ ನಡುವೆ ಬ್ಯಾಟರಿ ಕೆಟ್ಟು, ಅದನ್ನು ಸರಿಪಡಿಸಿಕೊಂಡು ಬರುವಷ್ಟರಲ್ಲಿ ನಾಲ್ಕು ಸಾಲು ಬಿಟ್ಟುಹೋದವು. ಕೂರಿಗೆ ಒಮ್ಮೆ ಹೋಗಿಬಂದಾಗ ಬೀಳುವಷ್ಟು ಸಾಲು. ಎರಡನೆಯ ಸಲವೂ ಹಳೆಯ ಗುರುತು ಹಿಡಿದು ನಡೆದದ್ದರಿಂದ ಅವೇ ಸಾಲು ಮತ್ತೆ ಉಳಿದವು. ಸೆಪ್ಟೆಂಬರು ಮುಗಿಯುವ ಹೊತ್ತಿಗೆ ಇಡೀ ಹೊಲ ಹಳದಿಯಾಗಿ ಎಲೆ ಉದುರಿತು. ಕಾಳು ಹೆಸರುಕಾಳಿನ ಗಾತ್ರಕ್ಕೆ ಇಳಿಯಿತು.

ಬಿಟ್ಟ ಸಾಲಿನ ಸುದ್ದಿ ಲಗಮಪ್ಪನವರಿಗೆ ಗೊತ್ತಾಯಿತು. ಆ ನಾಲ್ಕು ಸಾಲಿನಲ್ಲಿ ಹುಟ್ಟಿ ರೋಗ ಹೊಲವೆಲ್ಲ ಹಬ್ಬಿತು ಎಂದು ಅವರು ಬದುವಿನ ಮೇಲೆ ನಿಂತು ಹೇಳಿದರು. ಕೆಲಸದ ಮೇಲೆ ಲಕ್ಷ್ಯ ಇಲ್ಲ ಎಂದರು. ಕೈಗುಣ ಹೋಯಿತು ಎಂದು ಚಹಾದ ಅಂಗಡಿಯಲ್ಲಿಯೂ ಹೇಳಿದರು. ಕೈಗುಣ ಇದೆ ಎನ್ನುವ ಮಾತು ಮೂರು ವರ್ಷ ತಿರುಗಿ ಇಪ್ಪತ್ತಾರು ಮನೆ ಕೊಟ್ಟಿತ್ತು. ಹೋಯಿತು ಎನ್ನುವ ಮಾತಿಗೆ ಎಂಟು ದಿನ ಸಾಕಾಯಿತು. ಅದರ ಮುಂದಿನ ವರ್ಷ ಕರೆದವರು ಒಂಬತ್ತೇ ಮನೆಯವರು.

ಬೈಸಿಕೊಂಡು ನಿಂತಾಗ ಸೈದಾಬಿ ತಲೆ ತಗ್ಗಿಸಿದ್ದರು. ತಗ್ಗಿಸಿದ ಕಣ್ಣಿಗೆ ಗಿಡದ ಬುಡ ಕಾಣುತ್ತಿತ್ತು. ಆಗಲೇ ಅವರಿಗೆ ಒಂದು ವಿಚಾರ ಹೊಳೆದದ್ದು. ಬಿಟ್ಟ ಸಾಲೂ ಹಳದಿ, ಹೊಡೆದ ಸಾಲೂ ಹಳದಿ. ಹೊಡೆದದ್ದು ಕೆಲಸ ಮಾಡಿದ್ದರೆ ಬಿಟ್ಟ ಸಾಲು ಇನ್ನೂ ಹೆಚ್ಚು ಕೆಡಬೇಕಿತ್ತು.

"ಅವರು ಬೈಯಾಕತ್ತಿದ್ರು, ನಾ ಎಲಿ ನೋಡಾಕತ್ತಿದ್ದೆ" ಎಂದು ಅವರು ಈಗ ಹೇಳುತ್ತಾರೆ. "ಬಿಟ್ಟಿದ್ದಕ್ಕೂ ಹೊಡದಿದ್ದಕ್ಕೂ ಫರಕಾನ ಇಲ್ಲಲ್ಲ, ಹಂಗಾರ ನಾ ಎರಡ ಸಲ ಹೊಡದಿದ್ದು ಏನು, ಬರೇ ನೀರ ಅಂತ ಅನಿಸ್ತು. ಬಾಯಿ ಬಿಡಲಿಲ್ರಿ. ತಪ್ಪ ಮಾಡಿ ನಿಂತಾಕಿ ಮಾತಾಡಿದ್ರ ಯಾರ ಕೇಳ್ತಾರ?"

ಮುಂದಿನ ಮಳೆಗಾಲ ಅವರು ತಮ್ಮದೇ ಇಪ್ಪತ್ತು ಗುಂಟೆಯಲ್ಲಿ ಬೇಕೆಂದೇ ನಾಲ್ಕು ಸಾಲು ಬಿಟ್ಟರು. ಮನೆಯ ಕಾಳನ್ನು ಹೀಗೆ ಹಾಳು ಮಾಡುವವರುಂಟೆ ಎಂದು ಮೀರಾಸಾಬ ಉರ್ದುವಿನಲ್ಲಿ ಗೊಣಗಿದರು. ಉಳಿದ ಸಾಲಿಗೆ ಮೊದಲಿನ ಹಾಗೆಯೇ ಪಂಪಿಗೆ ಒಂದು ಮುಚ್ಚಳ ಹಾಕಿ ಎರಡು ಸಲ ಹೊಡೆದರು. ಹದಿನೈದನೆಯ ದಿನ ಎರಡೂ ಕಡೆಯ ಎಲೆ ಒರೆಸಿದರೆ ಬೆರಳಿಗೆ ಒಂದೇ ಕಂದು. ಸೈದಾಬಿ ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಬಿಟ್ಟ ಸಾಲಿನ ಎಲೆ, ಕೆಳಗಿನ ಖಾನೆಯಲ್ಲಿ ಹೊಡೆದ ಸಾಲಿನ ಎಲೆ ತುಂಬಿಕೊಂಡು ಯರಗಟ್ಟಿಯ ಬಸ್ಸು ಹತ್ತಿದರು. ಔಷಧಿ ಅಂಗಡಿಯವರು ಡಬ್ಬಿಯನ್ನು ಸರಿಯಾಗಿ ನೋಡದೆ, ಇದು ಹೊಸದು, ಭಾರಿ ಇದೆ ಎಂದು ಬೇರೆ ಹೆಸರಿನ ಬಾಟಲಿ ಮುಂದಿಟ್ಟರು. ಡಬ್ಬಿಯನ್ನು ನೋಡಿದವರು ಅಲ್ಲಿಯೇ ನಿಂತಿದ್ದ ಉಮಾಶ್ರೀ.

ಉಮಾಶ್ರೀ ಸಿರಸಂಗಿಯ ಹುಡುಗಿ, ಕೃಷಿ ಕಾಲೇಜಿನಲ್ಲಿ ಬೆಳೆಗಳ ರೋಗದ ಮೇಲೆ ಓದುತ್ತಿದ್ದಾರೆ. ಸವದತ್ತಿ, ಬೈಲಹೊಂಗಲ, ರಾಮದುರ್ಗ ಕಡೆಯ ಹೊಲಗಳಿಂದ ತುಕ್ಕು ಬಿದ್ದ ಎಲೆ ಕೂಡಿಸಿ, ಯಾವ ಔಷಧಿಗೆ ಅದು ಇನ್ನೂ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುವುದು ಅವರ ಅಭ್ಯಾಸದ ಭಾಗ. ಎಲೆ ತರಲು ಹೋದಲ್ಲೆಲ್ಲ ಅವರು ರೈತರನ್ನು ಕೇಳುವುದು ಒಂದೇ ಪ್ರಶ್ನೆ, ಹೊಡೆಯದೆ ಬಿಟ್ಟ ಗಿಡ ಎಲ್ಲಾದರೂ ಇದೆಯೇ ಎಂದು. ಯಾರ ಹೊಲದಲ್ಲಿಯೂ ಇರುತ್ತಿರಲಿಲ್ಲ. ಇಲ್ಲಿ ಒಬ್ಬ ಹೆಂಗಸು ಕೇಳದೆಯೇ ಎರಡು ಖಾನೆಯಲ್ಲಿ ತಂದು ನಿಂತಿದ್ದಳು. ಅವರು ಅಂದೇ ಸೈದಾಬಿಯ ಜೊತೆ ಬಸ್ಸು ಹತ್ತಿದರು.

ಹೊಲದಲ್ಲಿ ಉಮಾಶ್ರೀ, ದಿನಾ ಹೇಗೆ ಹೊಡೆಯುತ್ತೀರೋ ಹಾಗೆಯೇ ಒಮ್ಮೆ ತೋರಿಸಿ ಎಂದರು. ಬಾಯವ್ವ ನೀರು ಸುರಿದರು. ಸೈದಾಬಿ ನೀಲಿ ಮುಚ್ಚಳಕ್ಕೆ ಔಷಧಿ ಬಗ್ಗಿಸಿದರು, ಬೆರಳಿಗೆ ಚೆಲ್ಲದ ಹಾಗೆ ಕಂಠಕ್ಕಿಂತ ಒಂದು ಗೆರೆ ಕೆಳಗೆ. ಉಮಾಶ್ರೀ ಅದನ್ನು ಇಸಿದುಕೊಂಡು ಸೂಜಿಯಿಲ್ಲದ ಸಿರಿಂಜಿಗೆ ಎಳೆದರು. ಹನ್ನೆರಡು ಮಿಲಿ. ಲೀಟರಿಗೆ ಒಂದು ಮಿಲಿ ಎಂದು ಬಾಟಲಿಯ ಚೀಟಿಯಲ್ಲಿ ಇತ್ತು. ಪಂಪು ಎಷ್ಟು ಲೀಟರಿನದು ಎಂದು ಕೇಳಿದರು. ಇಪ್ಪತ್ತು. ಮೊದಲಿನದು ಹದಿನಾರು ಲೀಟರಿನದಿತ್ತು. ಆಗಲೂ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು, ಈಗ ಅರ್ಧದ ಹತ್ತಿರಕ್ಕೆ ಬಂದಿತ್ತು.

 ಬಾಯವ್ವ ಕೊಡ ಕೆಳಗಿಟ್ಟು ಬಾಯಿ ತೆರೆದರು.

"ನಾ ಮೊದಲನೇ ದಿನಾನ ಹೇಳೇನಿ. ಏ ಸೈದಾ, ಈ ಪಂಪಿಗೆ ಕೊಡ ಜಾಸ್ತಿ ಹೊಂಟಾವು, ನನ್ನ ಸೊಂಟ ಹೋಗತೈತಿ ಅಂತ. ನೀರ ಹೊರಾಕಿ ಮಾತ ಯಾರ ಕಿವಿಗೆ ಹಾಕ್ಕೊಂತಾರ? ಪಂಪು ಬೆಳೀತು, ನಿನ್ನ ಗಂಡನ ಮುಚ್ಚಳಾ ಬೆಳೀಲಿಲ್ಲ."

ಉಮಾಶ್ರೀ ವಿವರಿಸಿದ್ದನ್ನು ಸೈದಾಬಿ ತಮ್ಮ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದಾರೆ. ಸಾಯುವಷ್ಟು ಕೊಡದೆ ಸ್ವಲ್ಪ ಸ್ವಲ್ಪ ಕೊಟ್ಟರೆ ಎಳೆಯದು ಸಾಯುತ್ತದೆ, ಗಟ್ಟಿ ಇರುವುದು ಉಳಿಯುತ್ತದೆ. ಮುಂದೆ ಹುಟ್ಟುವುದೆಲ್ಲ ಆ ಗಟ್ಟಿಯದರ ಸಂತಾನ. ಅದರ ಮೇಲೆ ಅದೇ ಔಷಧಿಯನ್ನು ವರ್ಷಕ್ಕೆ ಎರಡು ಮೂರು ಸಲ, ಪ್ರತಿ ವರ್ಷ ಹೊಡೆದರೆ ಅದಕ್ಕೆ ಆ ಔಷಧಿ ರೂಢಿಯಾಗಿ ಹೋಗುತ್ತದೆ. ಹೆಸರು ಬೇರೆ ಬೇರೆ ಇರುವ ಬಾಟಲಿಯೊಳಗೂ ಒಂದೇ ಜಾತಿಯ ಔಷಧಿ ಇರಬಹುದು. ಯರಗಟ್ಟಿಯ ಅಂಗಡಿಯವರು ಹೊಸದು ಎಂದು ಕೊಟ್ಟದ್ದೂ ಅದೇ ಜಾತಿಯದಾಗಿತ್ತು.

ಉಮಾಶ್ರೀ ಇನ್ನೊಂದು ಮಾತನ್ನೂ ಹೇಳಿದರು. ತುಕ್ಕು ಗಾಳಿಯಲ್ಲಿ ಹರದಾರಿಗಟ್ಟಲೆ ಬರುತ್ತದೆ. ಇದು ಇಡೀ ಸೀಮೆಯವರು ಕೂಡಿ ಮಾಡಿಕೊಂಡದ್ದು, ನಿಮ್ಮೊಬ್ಬರ ಮುಚ್ಚಳದಿಂದ ಆದದ್ದು ಎಂದು ಯಾರೂ ಹೇಳಲಾರರು. ಯಾರಿಗೂ ತಿಳಿಸಬೇಕಾದ ಅಗತ್ಯವೂ ಇಲ್ಲ, ಇನ್ನು ಮುಂದೆ ಅಳತೆ ಸರಿ ಮಾಡಿಕೊಂಡರೆ ಸಾಕು.

ಸೈದಾಬಿ ಅದಕ್ಕೆ ಒಪ್ಪಲಿಲ್ಲ. "ಗಾಳಿ ಮ್ಯಾಲ ಹಾಕಿ ಕೈ ತೊಳಕೊಳ್ಳಾಕ ಬರ್ತಿತ್ರಿ. ಆದರ ಅವರ ಹೊಲಕ್ಕ ಹೋದಾಕಿ ನಾನು, ಗಾಳಿನ್ನ ಯಾರೂ ಕರದಿರಲಿಲ್ಲ" ಎನ್ನುತ್ತಾರೆ.

ಆ ಸುಗ್ಗಿ ಮುಗಿದ ಮೇಲೆ ಅವರು ಮುಚ್ಚಳವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮೊದಲು ಹೋದದ್ದು ಲಗಮಪ್ಪನವರ ಮನೆಗೆ. ಅರವತ್ತೆಂಟರ ಹಿರಿಯರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಕೂರು ಎನ್ನಲಿಲ್ಲ. ಸೈದಾಬಿ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಎಷ್ಟು ಹಾಕಬೇಕಿತ್ತು, ಎಷ್ಟು ಹಾಕುತ್ತಿದ್ದೆ, ಎಷ್ಟು ವರ್ಷದಿಂದ ಎಂದು. ಮುಚ್ಚಳವನ್ನು ಕಟ್ಟೆಯ ಮೇಲೆ ಇಟ್ಟರು. ಲಗಮಪ್ಪನವರು ಹಗ್ಗದ ಎಳೆ ಕಾಲ ಬೆರಳಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಆ ಮುಚ್ಚಳವನ್ನೇ ನೋಡಿದರು.

"ಇದನ್ನ ಮತ್ತ ಯಾರ ಯಾರಿಗೆ ಹೇಳಿದಿ?" ಎಂದು ಕೇಳಿದರು.

"ನಿಮಗ ಮೊದಲ್ರಿ ಕಾಕಾ. ಇನ್ನ ಇಪ್ಪತ್ತೈದ ಮನಿ ಅದಾವು."

ಅವರು ಮತ್ತೆ ಹಗ್ಗ ಹೊಸೆಯತೊಡಗಿದರು. ಇಪ್ಪತ್ತೈದು ಮನೆಗೆ ಎಂಟು ದಿನ ಹಿಡಿಯಿತು. ಕೆಲವರು ನಕ್ಕರು. ಕೆಲವರಿಗೆ ಅರ್ಥವಾಗಲಿಲ್ಲ. ಹೇಳದಿದ್ದರೆ ನಮಗೇನು ಗೊತ್ತಾಗುತ್ತಿತ್ತು ಹುಚ್ಚಿ ಎಂದವರು ಒಬ್ಬರು. ನಮ್ಮ ಬದು ಇನ್ನು ಹತ್ತಬೇಡ ಎಂದು ನಾಲ್ಕು ಮನೆಯವರು ನೇರವಾಗಿಯೇ ಹೇಳಿದರು. ಆ ನಾಲ್ವರಲ್ಲಿ ಇಬ್ಬರು, ಆ ವರ್ಷ ಕರೆದಿದ್ದ ಒಂಬತ್ತು ಮನೆಯವರೇ. ಮೀರಾಸಾಬ ಎಂಟೂ ದಿನ ಅಂಗಳದಲ್ಲಿ ಕುಳಿತು ಹೆಂಡತಿ ಬರುವ ದಾರಿ ನೋಡುತ್ತಿದ್ದರು. ಕೊನೆಯ ದಿನ, ತಮ್ಮ ಪಂಪಿಗೆ ಆ ಮುಚ್ಚಳ ಸರಿ ಇತ್ತು ಎಂದು ಒಂದೇ ಮಾತು ಹೇಳಿದರು. ಆಗಲೂ ಸ್ವಲ್ಪ ಕಡಿಮೆಯೇ ಇತ್ತು ಎಂದು ಗೊತ್ತಿದ್ದರೂ ಸೈದಾಬಿ ಹೌದು ಎಂದರು. ಆ ಸಂಗತಿ ಮನೆಯಲ್ಲಿ ಅಲ್ಲಿಗೇ ನಿಂತಿತು.

ಈ ವರ್ಷದ ಜೂನಿನಲ್ಲಿ, ಬಿತ್ತನೆಯ ಮೊದಲು, ಲಗಮಪ್ಪನವರು ಹೇಳಿಕಳಿಸಿದರು. ಹೋದಾಗ ಈ ಸಲ ಕೂರಿಸಿದರು. ಬೇರೆಯವರು ತಪ್ಪು ಮಾಡಿದ್ದಾರೋ ಇಲ್ಲವೋ ತನಗೆ ಗೊತ್ತಿಲ್ಲ, ಮುಖದ ಮುಂದೆ ಬಂದು ಹೇಳಿದವಳು ಇವಳೊಬ್ಬಳೇ ಎಂದು ಹೆಂಡತಿಗೆ ಹೇಳುವ ಹಾಗೆ ಹೇಳಿದರು. ಅಂಗಡಿಯಲ್ಲಿ, ಹೋದ ವರ್ಷದ್ದೇ ಕೊಡಿ ಎಂದು ಕೇಳಿ, ಆರು ವರ್ಷದಿಂದ ಅದೇ ಔಷಧಿ ತಂದುಕೊಟ್ಟದ್ದು ತಾನೇ ಎಂಬುದನ್ನೂ ಮಧ್ಯದಲ್ಲಿ ಸೇರಿಸಿದರು. ಆಮೇಲೆ ಕರಾರು ಹಾಕಿದರು. "ನಾಕ ಸಾಲ ಬಿಡು. ಅವಾಗ ಬಿಟ್ಟಿದ್ದಕ್ಕ ಬೈದಿದ್ದೆ, ಈ ಸಲ ನಾನ ಬಿಡಾಕ ಹೇಳಾಕತ್ತೇನಿ. ಫರಕ ಬಿದ್ರ ಆತು. ಬೀಳಲಿಲ್ಲಂದ್ರ ನಿನ್ನ ಪಂಪಿಗೂ ನನ್ನ ಹೊಲಕ್ಕೂ ಸಂಬಂಧ ಇಲ್ಲ."

ಹೀಗಾಗಿ ಈ ವರ್ಷ ಕೆಲಸದ ರೀತಿ ಬದಲಾಗಿದೆ. ಪಂಪಿನ ಪಕ್ಕ ಗೆರೆ ಇರುವ ಅಳತೆಯ ಲೋಟ ಇದೆ. ಎಲೆಯ ಬೆನ್ನಿಗೆ ಕಂದು ಕಾಣುವ ತನಕ ಔಷಧಿ ಇಲ್ಲ, ಕಂಡ ಮೇಲೆ ತಡವೂ ಇಲ್ಲ. ಒಂದು ಹೊಲಕ್ಕೆ ಒಂದು ಜಾತಿಯ ಔಷಧಿ ಒಂದೇ ಸಲ, ಎರಡನೆಯ ಸಲ ಬೇರೆ ಜಾತಿ. ಸೈದಾಬಿ ಓದಿದ್ದು ಮೂರನೆಯ ಇಯತ್ತೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಅದಕ್ಕೆ ಉಮಾಶ್ರೀ ಹಳೆಯ ಬಾಟಲಿಗಳಿಂದ ಔಷಧಿಯ ಮೂಲ ಹೆಸರಿನ ಕೊನೆಯ ಭಾಗವನ್ನು ಕತ್ತರಿಸಿ, ಎರಡು ರಟ್ಟಿನ ತುಂಡಿಗೆ ಅಂಟಿಸಿ ಕೊಟ್ಟಿದ್ದಾರೆ. ಒಂದೊಂದು ಜಾತಿಗೆ ಒಂದೊಂದು ಬಾಲ ಎಂದು ಸೈದಾಬಿ ಅದನ್ನು ಕರೆಯುತ್ತಾರೆ. ಅಂಗಡಿಯಲ್ಲಿ ಬಾಟಲಿ ಕೈಗೆ ಬಂದ ಕೂಡಲೇ ಅದರ ಮೇಲಿನ ಸಣ್ಣ ಅಕ್ಷರದ ಸಾಲಿಗೆ ರಟ್ಟು ಹಿಡಿದು ಬಾಲಕ್ಕೆ ಬಾಲ ಹೊಂದಿಸಿ ನೋಡುತ್ತಾರೆ. ಅಂಗಡಿಯವರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸೈದಾಬಿ ಬಂದರೆ ಅವರೇ ಎರಡು ಜಾತಿಯ ಬಾಟಲಿ ಬೇರೆ ಬೇರೆ ಇಡುತ್ತಾರೆ. ಈ ವರ್ಷ ಕರೆದ ಮನೆಗಳು ಹದಿನಾಲ್ಕು. ಹನ್ನೊಂದು ಹೊಲದಲ್ಲಿ ನಾಲ್ಕು ಸಾಲು ಬಿಡಲು ಒಪ್ಪಿದ್ದಾರೆ. ಉಳಿದ ಮೂವರು ಲಗಮಪ್ಪನವರ ಹೊಲದ್ದು ನೋಡಿ ಹೇಳುತ್ತೇವೆ ಎಂದಿದ್ದಾರೆ.

ಏಳು ಹೊಡೆಯುವಷ್ಟರಲ್ಲಿ ಲಗಮಪ್ಪನವರು ಬದುವಿನ ಮೇಲೆ ಕಾಣುತ್ತಾರೆ. ತೊಳೆದ ಬಿಳಿ ಧೋತರ, ಕೈಯಲ್ಲಿ ಕೋಲು. ಅವರ ಹಿಂದೆ ಮೊದಲ ಬಸ್ಸಿಗೆ ಬಂದ ಉಮಾಶ್ರೀ, ನೀರಿನ ಕೊಡದೊಂದಿಗೆ ಬಾಯವ್ವ. ಕನ್ನಡಕ ಹಾಕಿದರೂ ಎಲೆಯ ಬೆನ್ನಿನ ಕಂದು ತನಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ ಎನ್ನುತ್ತಾರೆ ಲಗಮಪ್ಪನವರು. ಕೆಂಪು ಅರಿವೆಯ ಒಳಗಿಂದ ಹತ್ತು ಎಲೆ, ಹೊರಗಿಂದ ಹತ್ತು ಎಲೆ ಬುಡದ ಕಡೆಯಿಂದ ಕಿತ್ತುಕೊಡಲು ಉಮಾಶ್ರೀಗೆ ಹೇಳುತ್ತಾರೆ, ಸೈದಾಬಿಗೆ ಅಲ್ಲ. ಆಮೇಲೆ ಬದುವಿನ ಮೇಲೆ ಕೂತು, ಬಿಟ್ಟ ಸಾಲಿನ ಎಲೆಗಳನ್ನು ಒಂದೊಂದಾಗಿ ತಮ್ಮ ಧೋತರದ ಎಡ ತೊಡೆಯ ಮೇಲೆ ಬೆನ್ನು ಕೆಳಗಾಗಿ ಉಜ್ಜುತ್ತಾರೆ. ಹೊಡೆದ ಸಾಲಿನವನ್ನು ಬಲ ತೊಡೆಯ ಮೇಲೆ.

ಮನೆಯಲ್ಲಿ ಒಗೆಯುವವರು ಏನು ಅನ್ನುತ್ತಾರೆ ಎಂದು ಬಾಯವ್ವ ಕೇಳುತ್ತಾರೆ.  ಸೈದಾಬಿ ಪಂಪಿನ ಪಟ್ಟಿ ಹಿಡಿದು ನಿಂತಿದ್ದಾರೆ. ಎಡ ತೊಡೆಯ ಮೇಲೆ ಹತ್ತೂ ಎಲೆ ಗೆರೆ ಎಳೆಯುತ್ತವೆ, ಅರಿಷಿಣಕ್ಕೆ ಸುಣ್ಣ ಬೆರೆಸಿದಂಥ ಕಂದುಗೆಂಪು ಗೆರೆ. ಬಲಗಡೆ ಉಜ್ಜತೊಡಗಿದಾಗ ಸೈದಾಬಿ ತಾವಾಗಿಯೇ ಬಾಯಿ ತೆರೆಯುತ್ತಾರೆ.

"ಅದರಾಗೂ ಹತ್ತರಾಗ ಎರಡ ಮೂರಕ್ಕ ಬರತೈತ್ರಿ ಕಾಕಾ. ನಾ ಮುಂಜಾನಿ ನೋಡೇನಿ. ಪೂರಾ ಹೋಗಿಲ್ಲ."

ಮೂರು ಎಲೆಗೆ ಬರುತ್ತದೆ, ಅದೂ ತೆಳ್ಳಗೆ. ಏಳಕ್ಕೆ ಇಲ್ಲ. ಲಗಮಪ್ಪನವರು ಎರಡೂ ತೊಡೆ ನೋಡಿಕೊಳ್ಳುತ್ತಾರೆ, ಎದ್ದು ನಾಲ್ಕು ಸಾಲಿನ ತನಕ ಹೋಗುತ್ತಾರೆ, ಬುಡದಲ್ಲಿ ಉದುರಿಬಿದ್ದ ಎಲೆಯನ್ನು ಕೋಲಿನಿಂದ ಸರಿಸುತ್ತಾರೆ, ಪಕ್ಕದ ಸಾಲಿನ ಒಂದು ಕಾಯಿ ಬಿಡಿಸಿ ಕಾಳನ್ನು ಉಗುರಿನಿಂದ ಒತ್ತುತ್ತಾರೆ. ಬಹಳ ವರ್ಷ ಹೊಲ ಮಾಡಿದವರಿಗೆ ಇಷ್ಟು ಸಾಕು. ಡ್ರೋನಿನ ಮಾತು ಅವರು ಎತ್ತುವುದಿಲ್ಲ. ಮೂರಕ್ಕೆ ಉಳಿದಿದೆ ಎಂದ ಮೇಲೆ ನಾಳೆಯೇ ಇನ್ನೊಂದು ಸಲ ಹೊಡೆದುಬಿಡು, ಪೂರ್ತಿ ಹೋಗಲಿ ಎನ್ನುತ್ತಾರೆ.

ಐದು ಎಕರೆ ಎಂದರೆ ಎರಡು ದಿನದ ಕೆಲಸ. ಬಾಯವ್ವ ಆಗಲೇ ಕೊಡ ಎತ್ತಿಕೊಂಡಿದ್ದಾರೆ. ಸೈದಾಬಿ ತಲೆ ಅಲ್ಲಾಡಿಸುತ್ತಾರೆ.

"ಬ್ಯಾಡ್ರಿ. ಕಾಳ ತುಂಬ್ಯ ಬಂದಾವು, ಇನ್ನ ಎಲಿ ತಾನ ಹಣ್ಣಾಗಿ ಉದರೂ ಹೊತ್ತು. ಈಗ ಹೊಡದ್ರ ಕಾಳಿಗೆ ಉಪಯೋಗಿಲ್ಲ, ತಾಂಬೇರಾಕ್ಕ ರೂಢಿ ಆಗತೈತಿ. ಇರೂದ ಎರಡ ಜಾತಿ ಎಣ್ಣಿ. ಅದನ್ನ ಮುಂದಿನ ವರ್ಷಕ್ಕ ಉಳಸೂನು."

 ಉಮಾಶ್ರೀ ಕಿತ್ತ ಎಲೆಗಳನ್ನು ಕಾಗದದ ಎರಡು ಚೀಲಕ್ಕೆ ಬೇರೆ ಬೇರೆ ಹಾಕಿ ಹೆಸರು ಬರೆಯುತ್ತಿದ್ದಾರೆ. ಎಣ್ಣಿ ಹೊಡೆಯುವವಳೇ ಎಣ್ಣಿ ಬೇಡ ಎಂದರೆ ಇನ್ನು ಕೈಗುಣದ ಮಾತು ಎಲ್ಲಿಂದ ಬಂತು ಎಂದು ಲಗಮಪ್ಪನವರು ಕೇಳುತ್ತಾರೆ. ಅದು ಬೈಗುಳವೋ ಮೆಚ್ಚುಗೆಯೋ ಅವರ ಮುಖದಲ್ಲಿ ಕಾಣುವುದಿಲ್ಲ. ಬಿಟ್ಟ ಸಾಲನ್ನು ಮುಂದಿನ ವರ್ಷ ನಡುಹೊಲದಲ್ಲಿ ಬೇಡ, ರಸ್ತೆಯ ಬದಿಗೆ ಬಿಡು, ಹೋಗುವವರು ಬರುವವರು ನೋಡಲಿ ಎನ್ನುತ್ತಾರೆ. ಆಗ ಅವರ ಕಣ್ಣು ಪಂಪಿನ ಮೇಲೆ ಬೀಳುತ್ತದೆ. ಅಳತೆಯ ಲೋಟದ ಪಕ್ಕದಲ್ಲಿ, ಪಟ್ಟಿಗೆ, ನೀಲಿ ಮುಚ್ಚಳ ಇನ್ನೂ ಕಟ್ಟಿಯೇ ಇದೆ. ಅದನ್ನು ಇನ್ನೂ ಯಾಕೆ ಹೊತ್ತು ತಿರುಗುತ್ತೀ, ಕಿತ್ತು ಬಿಸಾಡು ಎನ್ನುತ್ತಾರೆ.

ಇಬ್ಬನಿ ಆರತೊಡಗಿದೆ. ಹಳ್ಳದ ಆಚೆ ತಡವಾಗಿ ಬಿತ್ತಿದ ಹೊಲದಲ್ಲಿ ನಿನ್ನೆ ಮೊದಲ ಸಲ ಕಂದು ಕಂಡಿದೆ, ಒಂಬತ್ತಕ್ಕೆ ಅಲ್ಲಿ ಶುರು ಮಾಡಬೇಕು. ಸೈದಾಬಿ ಪಂಪನ್ನು ಬೆನ್ನಿಗೆ ಏರಿಸಿಕೊಂಡು ಪಟ್ಟಿಯನ್ನು ಹೆಗಲಿಗೆ ಸರಿಪಡಿಸಿಕೊಳ್ಳುತ್ತಾರೆ. ಮುಚ್ಚಳವನ್ನು ಒಮ್ಮೆ ಮುಟ್ಟಿ ನೋಡುತ್ತಾರೆ.

"ಇರಲಿ ಬಿಡ್ರಿ" ಎನ್ನುತ್ತಾರೆ. "ನಿನ್ನ ತಪ್ಪು ಎಷ್ಟ ದೊಡ್ಡದಿತ್ತು ಅಂತ ಯಾರರ ಕೇಳಿದ್ರ, ಅಳದ ತೋರಸಾಕ ಬೇಕಲ್ರಿ."